ಓದದ ಪುಸ್ತಕದ ಬೆಲೆ

ಪುಸ್ತಕಕ್ಕೆ ಬೆಲೆ ಬರುವುದು ಓದುವುದರಿಂದಲೋ, ಓದದೆ ಇರಿಸುವುದರಿಂದಲೋ? ಅಮೆರಿಕದಲ್ಲಿ 1970ರ ದಶಕದ ಕಾಮಿಕ್ಸ್ ಪುಸ್ತಕಗಳನ್ನು ಸಂಗ್ರಹಿಸುವವರ ಹವ್ಯಾಸವು ಈ ಪ್ರಶ್ನೆಯನ್ನು ಎತ್ತುತ್ತದೆ. ಮಾರ್ವೆಲ್ ಸಂಸ್ಥೆಯ ‘ಇನ್‌ಕ್ರೆಡಿಬಲ್ ಹಲ್ಕ್’ ಮಾಲೆಯ 181ನೆಯ ಸಂಚಿಕೆಯ ಬೆಲೆ 1974ರಲ್ಲಿ 25 ಸೆಂಟು. ವುಲ್ವರಿನ್ ಎಂಬ ವೀರನು ಮೊದಲ ಬಾರಿಗೆ ಪೂರ್ಣವಾಗಿ ಕಾಣಿಸಿಕೊಂಡ ಆ ಸಂಚಿಕೆಯ ನಿಷ್ಕಳಂಕ ಪ್ರತಿಗೆ ಇಂದು ಹತ್ತಾರು ಸಾವಿರ ಡಾಲರು.

ಅದರ ಒಳಪುಟದಲ್ಲಿ ಅಂಚೆಚೀಟಿಯಂತಹ ಒಂದು ಚಿತ್ರವಿತ್ತು. ಅವುಗಳನ್ನು ಕತ್ತರಿಸಿ ಕೂಡಿಸಿರೆಂದು ಮಕ್ಕಳಿಗೆ ಹೇಳಿದವರು ಪ್ರಕಾಶಕರೇ. ಹೇಳಿದಂತೆ ನಡೆದ ಮಗುವಿನ ಪ್ರತಿ ಇಂದು ಊನವೆನಿಸಿದೆ. ಯಾರ ಕೈಯೂ ತಾಕದಂತಿರುವ ಪ್ರತಿಗೆ ಮನ್ನಣೆ ದೊರೆತಿದೆ. 2000ದಲ್ಲಿ ಆರಂಭವಾದ ಸಿಜಿಸಿ ಸಂಸ್ಥೆಯು ಪ್ರತಿಗಳ ಸ್ಥಿತಿಗೆ ಹತ್ತರ ಮಾನದಲ್ಲಿ ಅಂಕವಿತ್ತು, ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುತ್ತದೆ. ಕವಚ ಒಡೆಯದೆ ಓದಲಾಗದು. ಒಡೆದರೆ ಆ ಪ್ರಮಾಣ ಉಳಿಯದು.

ಸಂಗ್ರಾಹಕರ ಶ್ರಮವನ್ನು ಅಲ್ಲಗಳೆಯುವಂತಿಲ್ಲ. ಅಗ್ಗದ ಸುದ್ದಿಕಾಗದವು ತನ್ನ ಆಮ್ಲಾಂಶದಿಂದಲೇ ಹಳದಿಗಟ್ಟಿ ಪುಡಿಯಾಗುತ್ತದೆ. ಕಾಪಾಡುವವರಿಲ್ಲದಿದ್ದರೆ ಒಂದು ಕಾಲದ ಜನಪ್ರಿಯ ಕಲೆಯೇ ಅಳಿದೀತು. ಆದರೆ ರಕ್ಷಣೆಯಿರುವುದು ಓದಿಗಾಗಿ. ರಕ್ಷಣೆಗೆ ಓದೇ ಬಲಿಯಾಗಬಾರದು. ಆದುದರಿಂದ ಸಂಗ್ರಾಹಕನು ಮುಚ್ಚಿದ ಪ್ರತಿಗಳ ಪಕ್ಕದಲ್ಲಿ ಸವೆದ ಸಾಮಾನ್ಯ ಸಂಚಿಕೆಗಳನ್ನೂ ಇರಿಸಿ, ಅವುಗಳನ್ನು ಮನೆಯ ಮಕ್ಕಳ ಕೈಗೆ ಕೊಡುವುದು ಉಚಿತ. ಕತ್ತರಿಯ ಗುರುತು ಪುಸ್ತಕದ ಕಳಂಕವಲ್ಲ. ಒಂದು ಮಗು ಅದನ್ನು ತನ್ನದಾಗಿಸಿಕೊಂಡಿತ್ತೆಂಬುದಕ್ಕೆ ಸಾಕ್ಷಿ. ಹತ್ತರ ಮಾನದಲ್ಲಿ ಆ ಪ್ರೀತಿಯನ್ನು ಅಳೆಯಲು ಮನೆಯೇ ಇಲ್ಲ.