ಮನೆವಾರ್ತೆ: ಕೈಗಡದ ಲೆಕ್ಕ

ನಮ್ಮ ಪ್ಲೆಸೆಂಟನ್ನಿನ ಉತ್ತರದ ಅಂಚಿನಲ್ಲಿ ಹಾಯುವ ಹೆದ್ದಾರಿಯ ಸಂಖ್ಯೆ 580. ಮನೆಸಾಲ ತೀರಿಸಲಾಗದವರಿಗೆ ಈ ರಾಜ್ಯ ಕೊಟ್ಟಿರುವ ರಕ್ಷಣೆಯ ಕಲಮೂ 580-ಬಿ. ಕಾಕತಾಳೀಯವೆನ್ನಿ. 2008ರಲ್ಲಿ ಇದೇ ಹೆದ್ದಾರಿ ಹಿಡಿದು ಪೂರ್ವಕ್ಕೆ ಆಲ್ಟಮಾಂಟ್ ಘಾಟಿ ದಾಟಿದರೆ ಸಿಗುವ ಮೌಂಟನ್ ಹೌಸ್ ಎಂಬ ಹೊಸ ಊರಿನಲ್ಲಿ ಬಹುಪಾಲು ಮನೆಗಳ ಬೆಲೆ ಅವುಗಳ ಮೇಲಿನ ಸಾಲಕ್ಕಿಂತ ಕೆಳಗೆ ಇಳಿದಿತ್ತು. ಆಗ ಈ ಕಲಮಿನ ಚರ್ಚೆ ನಮ್ಮವರ ಹಬ್ಬದೂಟದ ಪಂಕ್ತಿಗಳಲ್ಲೂ ನಡೆದದ್ದುಂಟು.

ಕಲಮು ಹೇಳುವುದಿಷ್ಟೆ: ತಾನು ವಾಸಮಾಡಲು ಮನೆ ಕೊಂಡವನು ಆ ಕೊಳ್ಳುವ ಸಾಲವನ್ನು ಕಟ್ಟಲಾರದೆ ಹೋದರೆ ಬ್ಯಾಂಕು ಮನೆಯನ್ನು ತೆಗೆದುಕೊಳ್ಳಬಹುದು, ಮಾರಿ ಬಂದ ಹಣ ಸಾಕಾಗದಿದ್ದರೆ ಉಳಿದ ಬಾಕಿಗೆಂದು ಅವನ ಸಂಬಳಕ್ಕೆ, ಉಳಿತಾಯಕ್ಕೆ ಕೈಹಾಕುವಂತಿಲ್ಲ. 1930ರ ದಶಕದ ಮಹಾಕುಸಿತದ ಕಾಲದಲ್ಲಿ ಬಂದ ಕಾನೂನು.

ಹಾಗೆ ಬೀಗದ ಕೈಯನ್ನು ಲಕೋಟೆಯಲ್ಲಿಟ್ಟು ಬ್ಯಾಂಕಿಗೆ ಕಳಿಸಿದವರನ್ನೆಲ್ಲ ಸಾಲಗಳ್ಳರೆಂದು ನಾನು ಕರೆಯಲಾರೆ. ಬ್ಯಾಂಕಿನವರಿಗೆ ಕಾನೂನು ಗೊತ್ತಿದ್ದೇ ಹಣ ಕೊಟ್ಟದ್ದು. ಕೆಲಸ ಹೋದವನು ಮೊದಲು ಹೆಂಡತಿ ಮಕ್ಕಳ ಊಟ ನೋಡಬೇಕೋ ಬೇಡವೋ? ಕಂತು ಕಟ್ಟುವ ಶಕ್ತಿಯಿದ್ದೂ, ಇನ್ನೊಂದು ಮನೆಯನ್ನು ಅಗ್ಗಕ್ಕೆ ಕೊಂಡು ಹಳೆಯದನ್ನು ಕೈಬಿಡುವ ಜಾಣರ ಮಾತು ಬೇರೆ.

ನನಗೆ ಕಠಿಣವೆನಿಸುವುದು ಕೈಗಡ. ಇದಕ್ಕೆ ಪತ್ರವಿಲ್ಲ, ಬಡ್ಡಿಯಿಲ್ಲ, ಗಡುವಿಲ್ಲ. ಬರೆಹವಿಲ್ಲದ ಒಪ್ಪಂದದ ಮೇಲೆ ದಾವೆ ಹೂಡಲು ಕ್ಯಾಲಿಫೋರ್ನಿಯಾದಲ್ಲಿರುವ ಅವಧಿ ಎರಡೇ ವರ್ಷ, ಬರೆಹವಿದ್ದರೆ ನಾಲ್ಕು. ಭಾರತದಲ್ಲಿ 1963ರ ಕಾಯಿದೆಯಂತೆ ಸಾಮಾನ್ಯವಾಗಿ ಮೂರು. ಆದರೆ ಕೊಟ್ಟವರು ಕೋರ್ಟಿನ ಮೆಟ್ಟಿಲು ಹತ್ತುವವರೇ ಅಲ್ಲವಲ್ಲ! ಊರಿನಿಂದ ಭಾವನವರು ಫೋನಿನಲ್ಲಿ ಚಳಿಯ ವಿಚಾರ ಕೇಳುತ್ತಾರೆ, ಮಗುವಿಗೆ ಹಲ್ಲು ಬಂತೇ ಎನ್ನುತ್ತಾರೆ. ಹಣದ ಮಾತು ಎತ್ತುವುದಿಲ್ಲ. ಆ ಸಂಕೋಚವನ್ನೇ ಮನ್ನಾ ಎಂದು ತಿಳಿದು ಹೊಸ ಕಾರು ಕೊಳ್ಳುವವರಿಗೆ ಏನೆನ್ನೋಣ?

ಕೊನೆಗೂ ತೀರಿಸಹೊರಟವರಿಗೆ ಎದುರಾಗುವ ಪ್ರಶ್ನೆ, ಎಷ್ಟು ಕೊಡಬೇಕು? 2000ದ ಸುಮಾರಿಗೆ ಡಾಲರಿಗೆ 45 ರೂಪಾಯಿ ಇತ್ತು. ಆಗ ಭಾವನವರು ಸೈಟು ಮಾರಿ ಓದಿಗೆಂದು ನಾಲ್ಕೂವರೆ ಲಕ್ಷ ಕೊಟ್ಟಿದ್ದರೆ ಅದು ಹತ್ತು ಸಾವಿರ ಡಾಲರು. ಇಂದು ಡಾಲರು 80 ರೂಪಾಯಿ ದಾಟಿರುವುದರಿಂದ ಅದೇ ನಾಲ್ಕೂವರೆ ಲಕ್ಷವನ್ನು ಹಿಂತಿರುಗಿಸಲು ಆರು ಸಾವಿರ ಡಾಲರೂ ಬೇಕಾಗದು. ಅಸಲು ಪೈಸೆ ಪೈಸೆ ಸಂದಿತು, ಸರಿ. ಆದರೆ ಆ ಹಣಕ್ಕೆ ಭಾವನವರಿಗೆ ಇಂದು ಅದೇ ಬಡಾವಣೆಯಲ್ಲಿ ಸೈಟಿನ ಒಂದು ಮೂಲೆಯಾದರೂ ಸಿಕ್ಕೀತೇ? ರೂಪಾಯಿ ಇಳಿದದ್ದರ ಲಾಭವೆಲ್ಲ ಸಾಲ ತೆಗೆದುಕೊಂಡವನಿಗೆ, ನಷ್ಟವೆಲ್ಲ ಕೊಟ್ಟವರಿಗೆ. ಕಡೆಯಪಕ್ಷ ಹತ್ತು ಸಾವಿರ ಡಾಲರಾದರೂ ಹೋಗಬೇಕೆಂಬುದು ನನ್ನ ಅಭಿಪ್ರಾಯ. ಬಡ್ಡಿಯೆಂದರೆ ಅವರು ಬೇಡವೆನ್ನುತ್ತಾರೆ. ಹೆಸರು ಬೇರೆ ಇಟ್ಟು ಕಳಿಸಿ.

ಒಟ್ಟಿಗೆ ಸಾಧ್ಯವಾಗದಿದ್ದರೆ ತಿಂಗಳಿಗಿಷ್ಟೆಂದು ಹೋಗಲಿ. ಜೊತೆಗೆ ‘ಇಷ್ಟು ಬಾಕಿ ಕೊಡುವುದಿದೆ’ ಎಂದು ಬರೆದು, ತಾರೀಖು ಹಾಕಿ, ಸಹಿಮಾಡಿದ ಒಂದು ಕಾಗದ. ಅವಧಿ ಮುಗಿಯುವ ಮೊದಲೇ ಹೀಗೆ ಬರೆದುಕೊಟ್ಟರೆ ಭಾರತದ ಕಾಯಿದೆಯಂತೆ ಮೂರು ವರ್ಷದ ಎಣಿಕೆ ಆ ದಿನದಿಂದ ಹೊಸದಾಗಿ ಶುರು. ಅದರ ಪ್ರತಿಯೊಂದು ಮನೆಯಾಕೆಯ ಕೈಯಲ್ಲೂ ಇರಲಿ; ಗಂಡ ಹೋದ ಮೇಲೆ ಭಾವನವರ ಬಾಯಿಂದ ಆ ಲೆಕ್ಕ ಕೇಳುವ ಪಾಡು ಆಕೆಗೆ ಬೇಡ.

ಗೆಳೆಯರ ಸಾಲಕ್ಕೆ ಜಾಮೀನು ಸಹಿ ಹಾಕುವ ವಿಷಯ ಮುಂದಿನ ಸಂಚಿಕೆಗೆ.