ಲ ಪೆನ್, ಠಾಕ್ರೆ ಮತ್ತು ನಾವು

ಫ್ರಾನ್ಸ್ ದೇಶದ ಉಗ್ರ ಬಲಪಂಥೀಯ ಮುಂದಾಳು ಜಾಂ ಮಾರಿ ಲ ಪೆನ್ ಅವರು ೨೦೨೫ನೆಯ ಇಸವಿಯ ಜನವರಿ ೭ರಂದು, ೯೬ ವರ್ಷಗಳನ್ನು ದಾಟಿದ ವೃದ್ಧಾಪ್ಯದಲ್ಲಿ ಕಾಲವಶರಾದರು. ಸಾಸವಡದಲ್ಲಿ ಇಡ್ಲಿ ಚಹಾ ಮಾರಿ ಬದುಕುವ ಕನ್ನಡಿಗರಿಗೆ ಆ ದೂರದೇಶದ ಪುಢಾರಿಯ ಚರಿತ್ರೆಯಿಂದ ಏನಾಗಬೇಕಾಗಿದೆಯೆಂದು ವಾಚಕರು ಕೇಳಬಹುದು. ಆಗಬೇಕಾದದ್ದು ಬಹಳವಿದೆಯೆಂಬುದು ನಮ್ಮ ಅಭಿಪ್ರಾಯ. ಊರು ಬಿಟ್ಟು ಬಂದು ಪರಸ್ಥಳದಲ್ಲಿ ಹೊಟ್ಟೆ ಹೊರೆಯುವವನನ್ನು ಎದುರಿಗೆ ನಿಲ್ಲಿಸಿ ಪಕ್ಷ ಕಟ್ಟುವ ವಿದ್ಯೆಯನ್ನು ಅವರು ಅರ್ಧ ಶತಮಾನ ಸಾಧಿಸಿದರು. ಅದೇ ವಿದ್ಯೆಯ ರುಚಿಯನ್ನು ಮುಂಬಯಿ ಪುಣೆಗಳ ನಮ್ಮ ಹಿರಿಯರು ಅವರಿಗಿಂತ ಮುಂಚೆಯೇ ಕಂಡಿದ್ದಾರೆ.

ಮೊದಲು ಲ ಪೆನ್ನರ ಮಾತು. ೧೯೨೮ರಲ್ಲಿ ಬ್ರಿಟನಿ ಪ್ರಾಂತದ ಕಡಲಕರೆಯ ಊರೊಂದರಲ್ಲಿ ಬೆಸ್ತರ ಮನೆಯಲ್ಲಿ ಅವರು ಹುಟ್ಟಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ತಂದೆಯ ದೋಣಿ ಸಮುದ್ರದೊಳಗಿನ ಸಿಡಿಗುಂಡಿಗೆ ತಗಲಿ ತಂದೆ ತೀರಿಕೊಂಡರು. ಕಾಯದೆಯ ವ್ಯಾಸಂಗ ಮಾಡಿದ ತರುಣನು ಸೈನ್ಯವನ್ನು ಸೇರಿ ೧೯೫೪ರಲ್ಲಿ ಇಂಡೋಚೀನಕ್ಕೆ ಹೋದನು. ೧೯೫೬ರಲ್ಲಿ ಪಿಯೆರ್ ಪೂಜಾದ್ ಎಂಬ ಕಾಗದ ಪುಸ್ತಕಗಳ ಅಂಗಡಿಕಾರನು ಕರಭಾರದ ವಿರುದ್ಧ ಎಬ್ಬಿಸಿದ್ದ ಸಣ್ಣ ವ್ಯಾಪಾರಿಗಳ ಚಳವಳಿಯ ಪಕ್ಷದಿಂದ ಲ ಪೆನ್ ಪಾರ್ಲಿಮೆಂಟಿಗೆ ಆರಿಸಿಬಂದರು. ಆಗ ಅವರ ವಯಸ್ಸು ೨೭. ಸದಸ್ಯತ್ವವಿದ್ದಾಗಲೇ ಸೈನ್ಯಕ್ಕೆ ಮರಳಿ ಸುಯೆಜ್ ದಂಡಯಾತ್ರೆಯಲ್ಲಿಯೂ, ೧೯೫೭ರಲ್ಲಿ ಅಲ್ಜೀರಿಯದಲ್ಲಿಯೂ ಪ್ಯಾರಾಶೂಟ್ ದಳದ ಅಧಿಕಾರಿಯಾಗಿ ಕೆಲಸ ಮಾಡಿದರು. ಅಲ್ಲಿ ಬಂದಿಗಳಿಗೆ ಚಿತ್ರಹಿಂಸೆ ಕೊಟ್ಟರೆಂಬ ಆರೋಪವು ಅವರನ್ನು ಕಡೆಯವರೆಗೂ ಬಿಡಲಿಲ್ಲ. ಒಮ್ಮೆ ಒಪ್ಪಿದಂತೆ ಮಾತನಾಡಿ ಅನಂತರ ಅವರು ಅದನ್ನು ನಿರಾಕರಿಸುತ್ತಲೇ ಬಂದರು.

೧೯೬೨ರಲ್ಲಿ ಅಲ್ಜೀರಿಯ ಸ್ವತಂತ್ರವಾಯಿತು. ಯುದ್ಧ ಮುಗಿಯಿತು. ಆದರೆ ಯುದ್ಧದ ಭಾಷೆ ಅವರ ನಾಲಿಗೆಯ ಮೇಲೆ ಉಳಿಯಿತು. ೧೯೭೨ರಲ್ಲಿ ಸ್ಥಾಪಿತವಾದ ಅವರ ಪಕ್ಷದ ಹೆಸರೇ ರಾಷ್ಟ್ರೀಯ ರಂಗ. ರಂಗವೆಂದರೆ ಇಲ್ಲಿ ರಣರಂಗ. ಶತ್ರು ಮಾತ್ರ ಈಗ ಬೇರೆ ದೇಶದಲ್ಲಿರಲಿಲ್ಲ. ಫ್ರಾನ್ಸಿನ ಕಾರಖಾನೆಗಳಿಗೂ ರಸ್ತೆಯ ಕೆಲಸಗಳಿಗೂ ಕರೆತರಲ್ಪಟ್ಟಿದ್ದ ಅರಬ್ಬೀ ಕೂಲಿಕಾರನೇ ಆ ಸ್ಥಾನಕ್ಕೆ ಬಂದನು. ಹತ್ತು ಲಕ್ಷ ನಿರುದ್ಯೋಗಿಗಳೆಂದರೆ ಹತ್ತು ಲಕ್ಷ ಹೆಚ್ಚಿನ ವಲಸಿಗರು ಎಂಬ ಅರ್ಥದ ಭಿತ್ತಿಪತ್ರವನ್ನು ಪಕ್ಷವು ೧೯೭೮ರಲ್ಲಿ ಹಚ್ಚಿಸಿತು. ೧೯೭೪ರ ಅಧ್ಯಕ್ಷ ಚುನಾವಣೆಯಲ್ಲಿ ಶೇಕಡಾ ಒಂದು ಮತವೂ ದೊರೆಯದಿದ್ದ ಅವರಿಗೆ ೧೯೮೮ರಲ್ಲಿ ಶೇಕಡಾ ೧೪ಕ್ಕೂ ಹೆಚ್ಚು ಮತಗಳು ಬಂದವು. ೨೦೦೨ರಲ್ಲಿ ಶೇಕಡಾ ೧೬.೮೬ ಮತಗಳೊಡನೆ ಅವರು ಕೊನೆಯ ಸುತ್ತಿಗೆ ಏರಿ ಜಗತ್ತನ್ನೇ ಬೆಚ್ಚಿಬೀಳಿಸಿದರು. ಆ ಸುತ್ತಿನಲ್ಲಿ ಜಾಕ್ ಶಿರಾಕರು ಶೇಕಡಾ ೮೨ ಮತಗಳಿಂದ ಅವರನ್ನು ಸೋಲಿಸಿದರು.

ಈ ಕಥೆಯ ಭಾರತೀಯ ಆವೃತ್ತಿಯು ನಮ್ಮ ಮನೆಬಾಗಿಲಲ್ಲಿಯೇ ಬರೆಯಲ್ಪಟ್ಟಿತು. ಬಾಳ ಠಾಕ್ರೆಯವರು ೧೯೨೬ರಲ್ಲಿ ಪುಣೆಯಲ್ಲಿ ಜನಿಸಿದರು. ಅವರು ಯೋಧರಲ್ಲ, ವ್ಯಂಗ್ಯಚಿತ್ರಕಾರರು. ಮುಂಬಯಿಯ ಫ್ರೀ ಪ್ರೆಸ್ ಜರ್ನಲ್ ಕಚೇರಿಯಲ್ಲಿ ಅವರ ಸಹೋದ್ಯೋಗಿಯಾಗಿದ್ದವರು ಮೈಸೂರಿನ ಆರ್. ಕೆ. ಲಕ್ಷ್ಮಣ್, ಇಬ್ಬರ ಸ್ನೇಹವೂ ಕೊನೆಯವರೆಗೆ ಬಾಳಿತು. ವ್ಯಕ್ತಿಯಾಗಿ ದಕ್ಷಿಣದವನು ಮಿತ್ರನಾಗಿರಬಹುದು, ಸಮೂಹವಾಗಿ ಅವನು ಶತ್ರುವಾಗಬೇಕು: ಈ ರಾಜಕೀಯದ ವಿಚಿತ್ರ ನಿಯಮವೇ ಇದು. ೧೯೬೦ರಲ್ಲಿ ಹೊರಡಿಸಿದ ಮಾರ್ಮಿಕ ವಾರಪತ್ರಿಕೆಯಲ್ಲಿ ಠಾಕ್ರೆಯವರು ಮುಂಬಯಿಯ ಕಚೇರಿಗಳಲ್ಲಿ ಕೆಲಸಕ್ಕಿದ್ದ ದಾಕ್ಷಿಣಾತ್ಯರ ಹೆಸರುಗಳ ಪಟ್ಟಿಗಳನ್ನು ಅಚ್ಚುಹಾಕತೊಡಗಿದರು. ೧೯೬೬ರ ಜೂನ್ ೧೯ರಂದು ಶಿವಸೇನೆ ಸ್ಥಾಪನೆಯಾಯಿತು. ಲುಂಗಿ ಉಟ್ಟವರನ್ನು ಓಡಿಸಿರೆಂಬ ಘೋಷಣೆ ಬೀದಿಗಿಳಿಯಿತು. ಉಡುಪಿ ಹೋಟೆಲುಗಳ ಮೇಲೆ ಕಲ್ಲುಗಳು ಬಿದ್ದವು. ೧೯೬೯ರ ಫೆಬ್ರವರಿಯಲ್ಲಿ ಗಡಿಪ್ರಶ್ನೆಯನ್ನೆತ್ತಿ ಸೇನೆಯು ನಡೆಸಿದ ಚಳವಳಿಯಲ್ಲಿ ಮುಂಬಯಿಯು ದಿನಗಟ್ಟಲೆ ಹೊತ್ತಿ ಉರಿದು ಹಲವರು ಪ್ರಾಣ ತೆತ್ತರು. ಬಾಗಿಲನ್ನು ಅರ್ಧ ಎಳೆದು, ಗಲ್ಲಾದ ಹಣವನ್ನು ಹಿಂದಿನ ಕೋಣೆಗೆ ಸಾಗಿಸಿ, ಮಾಣಿಗಳನ್ನು ಅಟ್ಟದ ಮೇಲೆ ಮಲಗಿಸಿದ ಆ ದಿನಗಳ ವೃತ್ತಾಂತವನ್ನು ಹಳೆಯ ಹೋಟೆಲಿಗರ ಬಾಯಿಂದ ನಾವು ಕೇಳಿದ್ದೇವೆ.

ನಿಜವಾದ ಯುದ್ಧವನ್ನು ಕಂಡುಬಂದ ಲ ಪೆನ್ ತಮ್ಮ ಪಕ್ಷವನ್ನು ರಂಗವೆಂದರು. ಯುದ್ಧವನ್ನೇ ಕಾಣದ ಠಾಕ್ರೆಯವರು ತಮ್ಮದನ್ನು ಸೇನೆಯೆಂದರು, ಕಾರ್ಯಕರ್ತನನ್ನು ಸೈನಿಕನೆಂದರು. ಪಕ್ಷವು ಸೇನೆಯಾದ ಮೇಲೆ ಅದಕ್ಕೆ ವೈರಿಯೊಬ್ಬನು ಬೇಕೇಬೇಕು. ಬೀದಿಯ ತರುಣನು ಸೈನಿಕನಾದ ಮೇಲೆ ಎದುರಿನ ಅಂಗಡಿಯವನು ಅವನ ಕಣ್ಣಿಗೆ ನೆರೆಯವನಾಗಿ ಉಳಿಯುವುದಿಲ್ಲ.

ಹಾಗಾದರೆ ಮರಾಠಿ ತರುಣರ ದುಃಖವು ಸುಳ್ಳೇ? ಅಲ್ಲ. ನ್ಯಾಯವಾಗಿ ಇದನ್ನು ಒಪ್ಪಬೇಕು. ೧೯೬೦ರಲ್ಲಿ ಮಹಾರಾಷ್ಟ್ರ ರಾಜ್ಯವು ಉದಯವಾದಾಗ ರಾಜಧಾನಿಯಾದ ಮುಂಬಯಿಯಲ್ಲಿ ಮರಾಠಿ ಮಾತಿನವರು ಅರ್ಧಕ್ಕಿಂತ ಕಡಿಮೆ. ವಿದ್ಯಾವಂತ ತರುಣನಿಗೆ ನೌಕರಿಯ ಅಭಾವವಿತ್ತು. ಆದರೆ ದಕ್ಷಿಣದ ನಾಲ್ಕು ಭಾಷೆಗಳವರೆಲ್ಲ ಸೇರಿಯೂ ಊರಿನ ಶೇಕಡಾ ಹತ್ತರಷ್ಟಿರಲಿಲ್ಲ. ಮರಾಠಿ ಕಾರ್ಮಿಕನ ಅನ್ನಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ೧೯೮೨ರಲ್ಲಿ ಆರಂಭವಾದ ಗಿರಣಿ ಮುಷ್ಕರದ ಬಳಿಕ. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವುಗಳ ನೆಲದ ಮೇಲೆ ಗಗನಚುಂಬಿ ಕಟ್ಟಡಗಳೆದ್ದವು. ಇದರಲ್ಲಿ ಇಡ್ಲಿ ಮಾರುವವನ ಪಾಪವೇನಿತ್ತು? ಫ್ರಾನ್ಸಿನ ಉತ್ತರ ಭಾಗದಲ್ಲಿಯೂ ಹೀಗೆಯೇ ಆಯಿತು. ಕಲ್ಲಿದ್ದಲ ಗಣಿಗಳು ಮುಚ್ಚಿಹೋದ ಊರುಗಳಲ್ಲಿಯೇ ಲ ಪೆನ್ನರ ಪಕ್ಷವು ಬೇರು ಬಿಟ್ಟಿತು. ಗಣಿಯನ್ನು ಮುಚ್ಚಿದವನು ಅರಬ್ಬೀ ಕೂಲಿಯಲ್ಲ.

ಇಂಥ ಪಕ್ಷಗಳು ತಾವಾಗಿಯೇ ಬೆಳೆಯುವುದಿಲ್ಲ. ಅಧಿಕಾರದಲ್ಲಿರುವವರು ತಮ್ಮ ಅನುಕೂಲಕ್ಕಾಗಿ ಹಾಲೆರೆಯುತ್ತಾರೆ. ಮುಂಬಯಿಯ ಕಮ್ಯುನಿಸ್ಟ್ ಕಾರ್ಮಿಕ ಸಂಘಗಳನ್ನು ಮುರಿಯಲು ಮುಖ್ಯಮಂತ್ರಿ ವಸಂತರಾವ ನಾಯಿಕರ ಸರಕಾರವು ಸೇನೆಯನ್ನು ಬೆಳೆಯಗೊಟ್ಟಿತೆಂಬ ದೂರು ಆಗಲೇ ಇತ್ತು. ಮೃಚ್ಛಕಟಿಕದ ನಾಯಿಕೆಯನ್ನು ನೆನೆದು ವಿನೋದಪ್ರಿಯರು ಶಿವಸೇನೆಯನ್ನು ವಸಂತಸೇನೆಯೆಂದೇ ಕರೆದರು. ಫ್ರಾನ್ಸಿನಲ್ಲಿ ಸಮಾಜವಾದಿ ಅಧ್ಯಕ್ಷ ಮಿತ್ತೆರಾನರು ೧೯೮೫ರಲ್ಲಿ ಚುನಾವಣೆಯ ಪದ್ಧತಿಯನ್ನು ಬದಲಿಸಿದರು. ಅದರ ಫಲವಾಗಿ ೧೯೮೬ರಲ್ಲಿ ಲ ಪೆನ್ನರ ಪಕ್ಷವು ೩೫ ಸ್ಥಾನಗಳೊಡನೆ ಪಾರ್ಲಿಮೆಂಟಿನೊಳಗೆ ಕಾಲಿಟ್ಟಿತು. ಸಾಂಪ್ರದಾಯಿಕ ಬಲಪಕ್ಷಗಳ ಮತಗಳನ್ನು ಒಡೆಯುವುದೇ ಅವರ ಲೆಕ್ಕಾಚಾರವಾಗಿತ್ತೆಂದು ಟೀಕಾಕಾರರು ಹೇಳುತ್ತಾರೆ.

ಇನ್ನು ನಮ್ಮ ಲೇಖನದ ಮುಖ್ಯ ವಿಷಯಕ್ಕೆ ಬರೋಣ. ಈ ರಾಜಕೀಯದಲ್ಲಿ ಶತ್ರುವಿನ ಆಸನವು ಎಂದೂ ಖಾಲಿಯಿರುವುದಿಲ್ಲ; ಅದರ ಮೇಲೆ ಕೂಡ್ರುವವರು ಮಾತ್ರ ಬದಲಾಗುತ್ತಾರೆ. ಉಡುಪಿ ಹೋಟೆಲಿನ ಮೇಲೆ ಕಲ್ಲು ಬಿದ್ದು ಐದೇ ವರ್ಷಗಳಾಗಿದ್ದವು. ೧೯೭೧ರ ಲೋಕಸಭಾ ಚುನಾವಣೆಯಲ್ಲಿ ಕೊಡಗಿನ ವೀರ ಜನರಲ್ ಕಾರ್ಯಪ್ಪನವರು ಮುಂಬಯಿಯಿಂದ ಸ್ಪರ್ಧೆಗೆ ನಿಂತಾಗ ಅವರ ಬೆನ್ನಿಗೆ ನಿಂತದ್ದು ಅದೇ ಶಿವಸೇನೆ! ೧೯೪೯ರಲ್ಲಿ ಭಾರತೀಯ ಸೈನ್ಯದ ಪ್ರಥಮ ಭಾರತೀಯ ಮಹಾದಂಡನಾಯಕರಾಗಿದ್ದ ಕಾರ್ಯಪ್ಪನವರ ಶೌರ್ಯವನ್ನೂ ಶಿಸ್ತನ್ನೂ ನಾವು ಲ ಪೆನ್ನರ ಸಾಲಿಗೆ ಸೇರಿಸುತ್ತಿಲ್ಲ. ೧೯೬೫ರ ಯುದ್ಧದಲ್ಲಿ ಸ್ವಂತ ಮಗನು ಪಾಕಿಸ್ತಾನದ ಸೆರೆಯಾದಾಗಲೂ ಅವನಿಗಾಗಿ ವಿಶೇಷ ರಿಯಾಯಿತಿ ಬೇಡವೆಂದ ಪುರುಷ ಅವರು. ಮತದಾರರು ಅವರನ್ನು ಆರಿಸಲಿಲ್ಲವೆಂಬುದೂ ಬೇರೆ ವಿಷಯ. ಗಮನಿಸತಕ್ಕದ್ದು ಇಷ್ಟೇ: ಸಮವಸ್ತ್ರದ ತೇಜಸ್ಸು ಬೇಕಾದಾಗ ದಕ್ಷಿಣದವನೂ ಸ್ವಕೀಯನಾದನು.

ಮುಂದೆ ಆ ಆಸನದ ಮೇಲೆ ಕಮ್ಯುನಿಸ್ಟರು ಕೂಡಿಸಲ್ಪಟ್ಟರು, ಬಳಿಕ ಮುಸಲ್ಮಾನರು. ೧೯೯೨-೯೩ರ ಮುಂಬಯಿ ದಂಗೆಗಳಲ್ಲಿ ಸೇನೆಯ ಪಾತ್ರವನ್ನು ನ್ಯಾಯಮೂರ್ತಿ ಶ್ರೀಕೃಷ್ಣ ಆಯೋಗವು ತನ್ನ ವರದಿಯಲ್ಲಿ ಖಂಡಿಸಿತು. ಧರ್ಮದ ಹೆಸರಿನಲ್ಲಿ ಮತ ಕೇಳಿದ ಭಾಷಣಗಳಿಗಾಗಿ ೧೯೯೯ರಲ್ಲಿ ಠಾಕ್ರೆಯವರ ಮತಾಧಿಕಾರವೇ ಆರು ವರ್ಷ ಕಸಿಯಲ್ಪಟ್ಟಿತು. ೨೦೦೬ರಲ್ಲಿ ಅವರ ತಮ್ಮನ ಮಗ ರಾಜ ಠಾಕ್ರೆ ಬೇರೆ ಪಕ್ಷ ಕಟ್ಟಿದರು. ೨೦೦೮ರಲ್ಲಿ ಉತ್ತರ ಪ್ರದೇಶ, ಬಿಹಾರಗಳ ಟ್ಯಾಕ್ಸಿಯವರೂ ಪರೀಕ್ಷಾರ್ಥಿಗಳೂ ಏಟು ತಿಂದರು. ೨೦೨೫ರ ಮಧ್ಯದಲ್ಲಿ ಮುಂಬಯಿಯ ಪಕ್ಕದ ಮೀರಾ ರೋಡಿನಲ್ಲಿ ಮಿಠಾಯಿ ಅಂಗಡಿಯವರೊಬ್ಬರು ಮರಾಠಿಯ ವಿಷಯದಲ್ಲಿ ಎದುರು ಮಾತನಾಡಿದರೆಂದು ಕಪಾಳಕ್ಕೆ ಹೊಡೆಸಿಕೊಂಡದ್ದನ್ನು ದೇಶವೆಲ್ಲ ನೋಡಿತು.

ಫ್ರಾನ್ಸಿನಲ್ಲಿಯೂ ಇದೇ ಕ್ರಮ. ೧೮೯೩ರಲ್ಲಿ ಏಗ್ ಮೋರ್ತ್ ಎಂಬ ಊರಿನ ಉಪ್ಪಿನಾಗರದಲ್ಲಿ ಇಟಲಿಯ ಕೂಲಿಗಳನ್ನು ಜನರ ಗುಂಪು ಅಟ್ಟಾಡಿಸಿ ಕೊಂದಿತು. ಅಂದಿನ ಪರಕೀಯನು ಇಟಲಿಯವನು. ಇಂದು ಲ ಪೆನ್ನರ ಪಕ್ಷದ ಅಧ್ಯಕ್ಷಪದವಿಗೆ ೨೦೨೨ರಲ್ಲಿ ಆಯ್ಕೆಯಾದ ಜೋರ್ಡಾನ್ ಬಾರ್ದೆಲ್ಲಾ ಅವರು ಇಟಲಿಯಿಂದ ವಲಸೆ ಬಂದ ಮನೆತನದವರೇ! ಅಜ್ಜಂದಿರನ್ನು ಬೈದ ಮಾತನ್ನೇ ಮೊಮ್ಮಗನು ಇಂದು ಬೇರೆಯವರಿಗೆ ಬೈಯುತ್ತಿದ್ದಾನೆ.

ಇಬ್ಬರು ನಾಯಕರ ಮನೆಗಳಲ್ಲಿಯೂ ಕಡೆಗೆ ಒಡಕು ಮೂಡಿತು. ನಾಜಿಗಳ ವಿಷಾನಿಲದ ಕೋಣೆಗಳು ಇತಿಹಾಸದ ಸಣ್ಣ ವಿವರವೆಂದು ೧೯೮೭ರಲ್ಲಿ ಆಡಿದ ಮಾತಿಗಾಗಿ ಲ ಪೆನ್ ದಂಡ ತೆತ್ತಿದ್ದರು. ಮುಂದೆ ಅದನ್ನೇ ಮತ್ತೆ ನುಡಿದಾಗ, ೨೦೧೫ರಲ್ಲಿ, ಮಗಳು ಮಾರಿನ್ ಅವರ ನಾಯಕತ್ವದ ಪಕ್ಷವೇ ತಂದೆಯನ್ನು ಹೊರಗೆ ಹಾಕಿತು; ೨೦೧೮ರಲ್ಲಿ ಪಕ್ಷದ ಹೆಸರೂ ಬದಲಾಯಿತು. ಇತ್ತ ಠಾಕ್ರೆಯವರು ೨೦೧೨ರಲ್ಲಿ ತೀರಿಕೊಂಡರು. ೨೦೨೨ರಲ್ಲಿ ಸೇನೆ ಒಡೆಯಿತು. ೨೦೨೩ರಲ್ಲಿ ಪಕ್ಷದ ಹೆಸರೂ ಬಿಲ್ಲುಬಾಣದ ಗುರುತೂ ಮಗನ ಕೈತಪ್ಪಿ ಏಕನಾಥ ಶಿಂದೆಯವರ ಪಾಲಾದವು. ಸ್ಥಾಪಕರು ಹೋದರೂ, ಪಕ್ಷ ಒಡೆದರೂ, ಅವರು ಬಿತ್ತಿದ ಅಭ್ಯಾಸವು ಉಳಿಯುತ್ತದೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ಆ ಅಭ್ಯಾಸವು ಈಗ ನಮ್ಮವರಲ್ಲಿಯೇ ಬೇರೂರುತ್ತಿದೆಯೆಂಬುದು ನಮ್ಮ ದುಃಖ. ಇಂದು ನಮ್ಮ ಹೋಟೆಲುಗಳಲ್ಲಿ ಊರಿನಿಂದ ಬಂದ ಕುಂದಾಪುರದ ಹುಡುಗರು ವಿರಳ. ತಟ್ಟೆ ತೊಳೆಯುವವನು ಬಿಹಾರದವನು, ದೋಸೆ ಹುಯ್ಯುವವನು ಒಡಿಶಾದವನು, ರಾತ್ರಿ ಕಾಯುವವನು ನೇಪಾಳದವನು. ಇವರ ದುಡಿಮೆಯಿಂದ ಗಲ್ಲಾ ತುಂಬಿಕೊಂಡೇ ಸಮಾಜದ ಕೂಟಗಳಲ್ಲಿ ಕೆಲವರು, ಈ ಹೊರಗಿನವರಿಂದ ಊರು ಕೆಟ್ಟಿತು, ಇವರನ್ನು ಓಡಿಸುವವರು ಬರಬೇಕು ಎಂದು ಆಡುವುದನ್ನು ನಾವು ಕೇಳುತ್ತಿದ್ದೇವೆ. ನಮ್ಮ ಹೆಸರು ಪಟ್ಟಿಯಿಂದ ಅಳಿಸಿತೆಂಬ ಧೈರ್ಯ ಅವರಿಗೆ. ಪಟ್ಟಿ ಬರೆಯುವ ಲೇಖನಿಯು ನಮ್ಮ ಕೈಯಲ್ಲಿಲ್ಲವೆಂಬುದನ್ನು ಅವರು ಮರೆತಿದ್ದಾರೆ. ಬೆಳಗಾವಿಯಲ್ಲಿ ಒಂದು ಫಲಕಕ್ಕೆ ಮಸಿ ಬಿದ್ದರೆ, ಗಡಿಯಲ್ಲಿ ಒಂದು ಬಸ್ಸಿನ ಗಾಜು ಒಡೆದರೆ, ಮರುದಿನವೇ ನಮ್ಮ ಹೆಸರನ್ನು ಮತ್ತೆ ಬರೆಯಬಹುದು.

ಊರಕಡೆಯ ಮಾತನ್ನೂ ಹೇಳದೆ ಬಿಡಲಾಗದು. ೧೯೯೧ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನ ತಮಿಳು ಬಡವರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಮುಂಬಯಿಯಲ್ಲಿ ಕನ್ನಡಿಗನಿಗೆ ಬಿದ್ದ ಏಟು ಅನ್ಯಾಯವಾದರೆ ಬೆಂಗಳೂರಿನಲ್ಲಿ ತಮಿಳನಿಗೆ ಬಿದ್ದ ಏಟೂ ಅನ್ಯಾಯವೇ. ಅಲ್ಲಿಯ ಹೊಡೆತಕ್ಕೆ ಚಪ್ಪಾಳೆ ತಟ್ಟಿ ಇಲ್ಲಿ ರಕ್ಷಣೆ ಬೇಡುವ ಬಾಯಿಗೆ ಬೆಲೆಯಿಲ್ಲ.

ಭಾಷಾಭಿಮಾನವೇ ಬೇಡವೆಂದು ನಾವು ಹೇಳುತ್ತಿಲ್ಲ. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಸಿಂಹ ಆಚಾರ್ಯ ಅತ್ರೆಯವರು ಈ ಸಾಸವಡದ ನೆಲದವರೇ. ಬೆಳಗಾವಿಯ ವಿಷಯದಲ್ಲಿ ಆ ಚಳವಳಿಗೂ ಕನ್ನಡಿಗರಿಗೂ ಭಿನ್ನಾಭಿಪ್ರಾಯವಿತ್ತು. ಆದರೆ ಅವರ ಮುಖ್ಯ ಬೇಡಿಕೆಯು ದಿಲ್ಲಿಯ ಸರಕಾರದಿಂದ ಒಂದು ರಾಜ್ಯ, ನೆರೆಮನೆಯವನ ನೌಕರಿಯಲ್ಲ. ಕರ್ನಾಟಕದ ಏಕೀಕರಣಕ್ಕಾಗಿ ನಮ್ಮವರು ಹೋರಾಡಿದ್ದೂ ಹಾಗೆಯೇ. ತನ್ನ ನುಡಿಗೆ ಹಕ್ಕು ಕೇಳುವುದು ಬೇರೆ, ಇನ್ನೊಬ್ಬನ ಅನ್ನದ ತಟ್ಟೆಯನ್ನು ಒದೆಯುವುದು ಬೇರೆ. ಪ್ರತಿ ಆಷಾಢಿ ವಾರಿಯಲ್ಲಿ ಜ್ಞಾನದೇವರ ಪಾಲಖಿಯು ದಿವೆ ಘಾಟವನ್ನೇರಿ ಬಂದು ಸಾಸವಡದಲ್ಲಿ ಬೀಡು ಬಿಡುತ್ತದೆ. ಆ ಲಕ್ಷಾಂತರ ವಾರಕರಿಗಳು ನಡೆಯುವುದು ಜ್ಞಾನದೇವರೇ ಕಾನಡಾ ಎಂದು ಹಾಡಿ ಹೊಗಳಿದ ವಿಠ್ಠಲನ ಕಡೆಗೆ. ಮಹಾರಾಷ್ಟ್ರದ ಹೃದಯವು ದ್ವೇಷದ ಪಟ್ಟಿಗಳಿಗಿಂತ ದೊಡ್ಡದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಆದಕಾರಣ ನಮ್ಮ ಕರ್ತವ್ಯವು ಸ್ಪಷ್ಟವಾಗಿದೆ. ಮರಾಠಿಯನ್ನು ಅಂಜಿಕೆಯಿಂದಲ್ಲ, ಉಣ್ಣುವ ನೆಲದ ಋಣವೆಂದು ಚೆನ್ನಾಗಿ ಕಲಿಯೋಣ. ಮನೆಯಲ್ಲಿ ಕನ್ನಡವನ್ನು ಬಿಡದಿರೋಣ. ನಮ್ಮಲ್ಲಿ ದುಡಿಯುವ ಹೊರನಾಡಿನ ಹುಡುಗನಿಗೆ ತಕ್ಕ ಸಂಬಳವನ್ನೂ ಮಲಗಲು ಒಳ್ಳೆಯ ಜಾಗವನ್ನೂ ಕೊಡೋಣ. ಹೊಸದಾಗಿ ಬಂದವರನ್ನು ಓಡಿಸಿರೆಂಬ ಯಾವ ಅರ್ಜಿಗೂ ಕನ್ನಡಿಗರ ಸಹಿ ಬೀಳದಿರಲಿ. ಭಾಷೆಯ ನೆಪದಲ್ಲಿ ಯಾರ ಅಂಗಡಿಯ ಮೇಲೆ ಕೈಯೆತ್ತಿದರೂ, ಆ ಅಂಗಡಿಯವನು ಯಾವ ಪ್ರಾಂತದವನೇ ಆಗಿರಲಿ, ಅವನ ಪರವಾಗಿ ಪೋಲೀಸ್ ಠಾಣೆಗೆ ಹೋಗುವವರಲ್ಲಿ ನಮ್ಮ ಸಮಾಜದ ಹಿರಿಯರೂ ಇರಲಿ. ೧೯೬೬ರಲ್ಲಿ ನಮ್ಮವರ ಪರವಾಗಿ ಬಾಯಿ ಬಿಟ್ಟವರು ಕೆಲವರೇ. ಅದು ಹೇಗಿರುತ್ತದೆಂಬುದನ್ನು ಬಲ್ಲ ನಾವು ಇಂದು ಬಾಯಿ ಮುಚ್ಚಿಕೊಂಡು ಕೂಡ್ರಬಾರದು.