ತುದಿ ಬಿಟ್ಟು ಬುಡದಲ್ಲಿ ಕಟ್ಟೋಣ

ಕಾರ್ಕಳ ತಾಲ್ಲೂಕಿನ ಬೈಲೂರಿನಲ್ಲಿ, ಉಮಿಕ್ಕಳ ಬೆಟ್ಟದ ಮೇಲೆ ಪರಶುರಾಮ ಥೀಮ್ ಪಾರ್ಕ್ ಉದ್ಘಾಟನೆಯಾದದ್ದು 2023ರ ಜನವರಿಯಲ್ಲಿ. ಅಂದಿನಿಂದ ಅದರ ಸುತ್ತ ನಡೆದ ಚರ್ಚೆಯ ಬಹುಪಾಲು 33 ಅಡಿ ಎತ್ತರದ ಪ್ರತಿಮೆ ಯಾವ ಲೋಹದ್ದು ಎಂಬುದರ ಬಗ್ಗೆಯೇ. ಆ ವಿವಾದ ತನಿಖೆ ಮತ್ತು ನ್ಯಾಯಾಲಯದ ಮೆಟ್ಟಿಲೇರಿದೆ, ಅಲ್ಲೇ ತೀರ್ಮಾನವಾಗಲಿ. ಈ ಗದ್ದಲದಲ್ಲಿ ಹಿಂದೆ ಬಿದ್ದ ಇನ್ನೊಂದು ಪ್ರಶ್ನೆಯಿದೆ: ಪ್ರವಾಸಿಗರಿಗೆಂದು ಏನನ್ನಾದರೂ ಕಟ್ಟಲು ಹೊರಟಾಗ ನಮ್ಮ ಕಣ್ಣು ಗುಡ್ಡದ ನೆತ್ತಿಗೇ ಯಾಕೆ ಹೋಗುತ್ತದೆ?

ನೆತ್ತಿಯ ಮೇಲೆ ಕಟ್ಟುವುದೆಂದರೆ ಒಂದು ಕಟ್ಟಡವನ್ನು ಮಾತ್ರ ಕಟ್ಟಿದಂತಲ್ಲ. ಬಸ್ಸು ಹತ್ತುವ ರಸ್ತೆ ಬೇಕು, ಅದಕ್ಕಾಗಿ ಧರೆ ಕಡಿಯಬೇಕು. ವಾಹನ ನಿಲ್ಲಿಸಲು ಸಮತಟ್ಟು ಜಾಗ ಬೇಕು, ನೀರು ಮೇಲೇರಿಸಲು ಪಂಪು ಬೇಕು, ಶೌಚಾಲಯದ ಗುಂಡಿ ತೋಡಬೇಕು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಿಲ್ಲೆ ನಮ್ಮದು. ಕಡಿದ ಧರೆ ಆಷಾಢದಲ್ಲಿ ಸುಮ್ಮನಿರುವುದಿಲ್ಲ. ಅದಕ್ಕೆ ತಡೆಗೋಡೆ, ತಡೆಗೋಡೆ ಬಿರುಕುಬಿಟ್ಟರೆ ಇನ್ನೊಂದು ಟೆಂಡರ್. ಕೆಂಪುಕಲ್ಲಿನ ಪದವುಗಳ ವಿಷಯ ಇನ್ನೂ ಸೂಕ್ಷ್ಮ. ಬೇಸಿಗೆಯಲ್ಲಿ ಬೋಳಾಗಿ ಕಾಣುವ ಈ ಕಲ್ಲುಹಾಸಿನ ಮೇಲೆ ಮಳೆಗಾಲದಲ್ಲಿ ನೀರು ನಿಂತು, ಕೀಟ ಹಿಡಿದು ಬದುಕುವ ಪುಟ್ಟ ಗಿಡಗಳು ಹೂಬಿಡುತ್ತವೆ. ಅಲ್ಲಿ ಇಂಗಿದ ನೀರೇ ಬುಡದ ಬಾವಿಗೆ, ಅಡಿಕೆ ತೋಟಕ್ಕೆ ಒರತೆಯಾಗಿ ಇಳಿದು ಬರುವುದು. ಕಂದಾಯ ದಾಖಲೆ ಅದನ್ನು ಪಾಳು ಎಂದು ಬರೆದುಕೊಂಡರೂ ಕೆಳಗಿನ ಊರಿಗೆ ಅದು ನೀರಿನ ತೊಟ್ಟಿ. ಅದರ ಮೇಲೆ ಇಂಟರ್‌ಲಾಕ್ ಹಾಸಿದ ದಿನವೇ ಆ ತೊಟ್ಟಿಯ ಬಾಯಿ ಮುಚ್ಚುತ್ತದೆ.

ಇಷ್ಟು ಹೇಳಿದರೆ ತಕ್ಷಣ ಒಂದು ಮರುಪ್ರಶ್ನೆ ಬರುತ್ತದೆ. ಕಾರ್ಕಳದ ಬಾಹುಬಲಿಯೂ ಬೆಟ್ಟದ ತುದಿಯಲ್ಲೇ ಅಲ್ಲವೇ ನಿಂತಿರುವುದು? ನ್ಯಾಯವಾದ ಪ್ರಶ್ನೆ, ಉತ್ತರವನ್ನೂ ಕಾರ್ಕಳವೇ ಕೊಡುತ್ತದೆ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ ಸುಮಾರು 42 ಅಡಿಯ ಆ ಏಕಶಿಲೆ ದೂರದಿಂದ ಕಾಣಲೆಂದೇ ಇರುವುದು. ದೂರದಿಂದ ಕಂಡಾಗಲೇ ಅದರ ಅರ್ಥ ಪೂರ್ಣವಾಗುವುದು. ಕಾಪುವಿನ ದೀಪಸ್ತಂಭವೂ ಹಾಗೆಯೇ. 1901ರಲ್ಲಿ ಕಡಲಂಚಿನ ಬಂಡೆಯ ಮೇಲೆ ಎದ್ದ ಆ 27 ಮೀಟರ್ ಗೋಪುರ ಹಡಗಿನವರ ಕಣ್ಣಿಗೆ ಬೀಳಲೇಬೇಕು. ಟಿಕೆಟ್ ಕೌಂಟರಿಗೆ, ಕ್ಯಾಂಟೀನಿಗೆ, ಶೌಚಾಲಯಕ್ಕೆ, ವಸ್ತುಸಂಗ್ರಹಾಲಯಕ್ಕೆ ಅಂಥ ಯಾವ ಕಾರಣವಿದೆ? ಅವು ಹತ್ತಿರ ಬಂದವನಿಗೆ ಸಿಕ್ಕರೆ ಸಾಕು.

ಇನ್ನೂ ಗಮನಿಸಬೇಕಾದದ್ದು, ಗೊಮ್ಮಟನ ಎದುರಿನ ಪುಟ್ಟ ಗುಡ್ಡದ ಮೇಲೆ 1586ರಲ್ಲಿ ಕಟ್ಟಿದ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲಿರುವ, ಸುತ್ತಲೂ ಕಂಬಗಳ ಸಾಲಿರುವ ಈ ಕಲ್ಲಿನ ಕಟ್ಟಡಕ್ಕೆ ಮುಗಿಲೆತ್ತರದ ಶಿಖರವಿಲ್ಲ. ಬಂಡೆಯ ಮೇಲೆ ತಗ್ಗಾಗಿ, ಅಗಲವಾಗಿ ಕೂತಿದೆ. ಅದರ ಜಗಲಿಯಲ್ಲಿ ನಿಂತವನ ಕಣ್ಣು ಆಚೆಯ ಬೆಟ್ಟಕ್ಕೆ ಹೋಗುತ್ತದೆ, ಬಾಹುಬಲಿಯ ಮೇಲೆ ನಿಲ್ಲುತ್ತದೆ. ಸುತ್ತಲಿನ ನೆಲದೊಂದಿಗೆ ಹೊಂದಿಕೊಳ್ಳುವ ಕಟ್ಟಡ ಹೇಗಿರಬೇಕೆಂದು ಕೇಳುವ ವಿದ್ಯಾರ್ಥಿಗಳನ್ನು ನಾನು ಮೊದಲು ಇಲ್ಲಿಗೇ ಕಳಿಸುತ್ತೇನೆ. ಮಸ್ತಕಾಭಿಷೇಕದ ಅಟ್ಟಣಿಗೆಯನ್ನೂ ಇದರ ಜೊತೆಗೆ ನೆನೆಯಬೇಕು. 2015ರ ಜನವರಿಯಲ್ಲಿ ಲಕ್ಷಾಂತರ ಜನ ಬಂದಾಗ ವಿಗ್ರಹದ ಹಿಂದೆ ಎದ್ದ ಅಟ್ಟಣಿಗೆ ಉತ್ಸವ ಮುಗಿದ ಮೇಲೆ ಇಳಿಯಿತು. ಜನ ಬರುವಾಗ ಬಂದು, ಜನ ಹೋದಾಗ ಹೋಗುವ ಕಟ್ಟೋಣದ ಕಲ್ಪನೆ ನಮ್ಮವರಿಗೆ ಹೊಸದೇನಲ್ಲ.

ಕಾಪು, ಪಡುಬಿದ್ರಿ, ಮಲ್ಪೆಯ ಮರಳಿಗೆ ಬೇಕಾದದ್ದು ಈ ಕಲ್ಪನೆಯೇ. ಮಳೆಗಾಲ ಬಂದರೆ ಕಡಲು ದಡವನ್ನು ತಿನ್ನುತ್ತದೆ, ಮಳೆ ನಿಂತ ಮೇಲೆ ಮರಳನ್ನು ತಂದು ಹಾಕುತ್ತದೆ. ಮಲ್ಪೆಯ ತೇಲುವ ಸೇತುವೆ 2022ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಕಳಚಿಕೊಂಡಿತ್ತು. ಪಡುಬಿದ್ರಿಯ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ಮಾನ್ಯತೆ ಉಳಿಯಲು ಶೌಚಾಲಯ, ಕುಡಿಯುವ ನೀರು, ಬಟ್ಟೆ ಬದಲಿಸುವ ಕೋಣೆ ಎಲ್ಲವೂ ಬೇಕು, ಖಂಡಿತ ಬೇಕು. ಆದರೆ ಅವು ಕಂಬಗಳ ಮೇಲೆ ನಿಲ್ಲಲಿ, ಜೂನ್‌ಗೆ ಮುಂಚೆ ಬಿಚ್ಚಿಡುವಂತಿರಲಿ. ಅಡಿಪಾಯ ಹಾಕಿ ಕಾಂಕ್ರೀಟ್ ಸುರಿದರೆ, ಅದನ್ನು ಉಳಿಸಲೆಂದು ನಾಳೆ ಕಲ್ಲಿನ ತಡೆಗೋಡೆ ಬರುತ್ತದೆ. ಆ ಗೋಡೆ ಪಕ್ಕದ ದಡದ ಮರಳನ್ನು ಕಸಿಯುತ್ತದೆ, ಮೀನುಗಾರರು ದೋಣಿ ಎಳೆದಿಡುವ ಜಾಗವೂ ಹೋಗುತ್ತದೆ.

ಇನ್ನು ಸಾಮಗ್ರಿಯ ವಿಷಯ. ಕಾಂಕ್ರೀಟ್ ಗೋಡೆಗೆ ಕೆಂಪುಕಲ್ಲಿನ ತೆಳು ಬಿಲ್ಲೆ ಅಂಟಿಸಿ, ಮುಂಬಾಗಿಲಿಗೆ ನಾಲ್ಕು ಸಾಲು ಹಂಚು ಹೊದೆಸಿ ‘ಕರಾವಳಿ ಶೈಲಿ’ ಎಂದು ಕರೆಯುವುದು ಈಗ ರೂಢಿ. ಅಂಥ ಕಟ್ಟಡದ ಮೇಲೆ ಕಣ್ಣೆತ್ತಿ ನೋಡಿ: ಸೋರುವ ಟೆರೇಸಿಗೆ ನೀಲಿಯದೋ ಕೆಂಪಿನದೋ ತಗಡಿನ ಶೀಟು. ಉಡುಪಿಯಿಂದ ಮಣಿಪಾಲಕ್ಕೆ ಏರುವ ದಾರಿಯುದ್ದಕ್ಕೂ ಇದೇ ನೋಟ. ಇಲ್ಲಿನ ಮಳೆಗೆ ಇಳಿಜಾರು ಮಾಡು ಬೇಕೆಂದು ಕಟ್ಟಿಸಿದವರೇ ಐದಾರು ವರ್ಷ ತಡವಾಗಿ ಒಪ್ಪಿಕೊಂಡಂತಾಯಿತು. ಒಪ್ಪಿಕೊಳ್ಳುವುದೇ ಆದರೆ ನಕ್ಷೆಯಲ್ಲೇ ಒಪ್ಪಿಕೊಳ್ಳಬಾರದೇಕೆ? ಗೋಡೆಯಿಂದ ಮೂರು ನಾಲ್ಕು ಅಡಿ ಹೊರಚಾಚಿದ ಸೂರು, ಇರಚಲು ತಟ್ಟದ ಜಗಲಿ, ಮಾಡಿನ ನೀರನ್ನು ಹಿಡಿದು ಇಂಗಿಸುವ ಅಂಗಳ, ಇವು ಅಲಂಕಾರಕ್ಕಾಗಿ ಹುಟ್ಟಿದ್ದಲ್ಲ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಸಿಂಡಿಕೇಟ್ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ವಿಜಯನಾಥ ಶೆಣೈ ಅವರು ಅಳಿವಿನಂಚಿನಲ್ಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದ ಜಾಗ ಅದು. ಸರ್ಕಾರದ ಎಂಜಿನಿಯರುಗಳು ಅಲ್ಲಿ ಒಂದು ಮಳೆಗಾಲದ ಮಧ್ಯಾಹ್ನ ಕಳೆಯಬೇಕು. ನೀರು ಮಾಡಿನಿಂದ ಅಂಗಳಕ್ಕೆ ಹೇಗೆ ಇಳಿಯುತ್ತದೆ ಎಂಬುದನ್ನು ನೋಡುತ್ತ ಕೂರಬೇಕು.

ಸಾಮಗ್ರಿಗಿಂತ ಜಾಗದ ಆಯ್ಕೆಯೇ ಮುಖ್ಯ ಎಂಬುದಕ್ಕೆ ನೆರೆಯ ಶ್ರೀಲಂಕೆಯಲ್ಲಿ ದೊಡ್ಡ ಉದಾಹರಣೆಯಿದೆ. ವಾಸ್ತುಶಿಲ್ಪಿ ಜೆಫ್ರಿ ಬಾವಾ ಅವರಿಗೆ 1990ರ ದಶಕದ ಆರಂಭದಲ್ಲಿ ಹೋಟೆಲ್ ಕಟ್ಟಲು ಸಿಗಿರಿಯ ಬಂಡೆಯ ಸಮೀಪವೇ ಜಾಗ ತೋರಿಸಿದ್ದರು. ಅವರು ಒಪ್ಪಲಿಲ್ಲ. ಹಲವು ಕಿಲೋಮೀಟರ್ ದೂರದ ಕಂದಲಾಮ ಕೆರೆಯ ದಂಡೆಯನ್ನು ಆರಿಸಿ, ಬೆಟ್ಟದ ಒಡಲಿಗೆ ಆತುಕೊಂಡಂತೆ ಉದ್ದಕ್ಕೆ ಕಟ್ಟಿದರು. ಕಟ್ಟಿದ್ದು ಕಾಂಕ್ರೀಟಿನಲ್ಲೇ. ಇಂದು ಬಳ್ಳಿಗಳು ಅದನ್ನು ಮುಚ್ಚಿವೆ, ಸಿಗಿರಿಯ ನೀರಿನಾಚೆ ದೂರದಲ್ಲಿ ಕಾಣುತ್ತದೆ.

ಇಲ್ಲಿಯೂ ಅದು ಸಾಧ್ಯ, ಖರ್ಚೂ ಕಡಿಮೆ. ಬುಡದಲ್ಲಿ, ಈಗಾಗಲೇ ಅಗೆದು ಬಿಟ್ಟ ಕಲ್ಲಿನ ಕೋರೆಯಲ್ಲೋ ರಸ್ತೆ ಬದಿಯ ಸಮತಟ್ಟಿನಲ್ಲೋ ಪ್ರವಾಸಿಗರ ಕಟ್ಟಡ ಬರಲಿ. ಅಲ್ಲಿಂದ ಮೇಲಕ್ಕೆ ಕಾಲುದಾರಿ, ನಡೆಯಲಾರದ ಹಿರಿಯರಿಗೆ, ಅಂಗವಿಕಲರಿಗೆ ಸಣ್ಣ ವಿದ್ಯುತ್ ವಾಹನ ಸಾಕು. ಟೆಂಡರ್ ಕರೆಯುವ ಮುನ್ನ ಒಂದು ಪೂರ್ಣ ಮಳೆಗಾಲ ಆ ಜಾಗದಲ್ಲಿ ನೀರು ಹರಿಯುವ ದಾರಿಯನ್ನು ಗುರುತಿಸಿ ನಕ್ಷೆ ಮಾಡಬೇಕು, ಕೆಳಗಿನ ಊರಿನ ಬಾವಿಗಳನ್ನು ಅದರಲ್ಲಿ ಸೇರಿಸಬೇಕು. ಕಟ್ಟಡ ಹೆದ್ದಾರಿಯಿಂದ, ಗದ್ದೆಯಿಂದ, ದೋಣಿಯಿಂದ ಹೇಗೆ ಕಂಡೀತು ಎಂಬ ಚಿತ್ರಗಳನ್ನು ಗ್ರಾಮಸಭೆಯ ಮುಂದಿಡಬೇಕು. ಉಮಿಕ್ಕಳ ಬೆಟ್ಟದಲ್ಲಿ ಮುಂದೆ ಯಾವ ಕಾಮಗಾರಿ ಶುರುವಾದರೂ ಬೈಲೂರಿನವರು ಮೊದಲು ಕೇಳಿ ಪಡೆಯಬೇಕಾದದ್ದು ಆ ನಕ್ಷೆಯನ್ನು, ಆ ಚಿತ್ರಗಳನ್ನು.